ಅತ್ತೆಯ ಕಂಪ್ಯೂಟರ್ ಕಪ್ಪಾದ ದಿನ

ಅಳಿಯನದು ಲಿಫ್ಟ್ ರಿಪೇರಿಯ ಕೆಲಸ. ಹದಿನೆಂಟು ವರ್ಷದಿಂದ ಎತ್ತರದ ಕಟ್ಟಡಗಳ ಜನರನ್ನು ಮೇಲಕ್ಕೂ ಕೆಳಕ್ಕೂ ಕಳಿಸುತ್ತಿದ್ದೇನೆ, ಒಬ್ಬರೂ ನಡುವೆ ಸಿಕ್ಕಿಹಾಕಿಕೊಂಡಿಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಇಬ್ಬರು ಸಿಕ್ಕಿಹಾಕಿಕೊಂಡಿದ್ದರು, ಆದರೆ ಅವರು ಒಂದು ಗಂಟೆಯೊಳಗೆ ಹೊರಗೆ ಬಂದಿದ್ದರಿಂದ ಅದನ್ನು ಅವನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕೆಲಸದಲ್ಲಿ ಅವನು ಬಲು ಶಿಸ್ತಿನ ಮನುಷ್ಯ. ಒಂದು ಸಲಕ್ಕೆ ಒಂದೇ ಭಾಗ ಬದಲಾಯಿಸಬೇಕು, ಓಡಿಸಿ ನೋಡಬೇಕು, ಡೈರಿಯಲ್ಲಿ ಬರೆಯಬೇಕು, ಆಮೇಲೆಯೇ ಎರಡನೆಯದಕ್ಕೆ ಕೈ ಹಾಕಬೇಕು. ಜೊತೆಯ ಕೆಲಸಗಾರರಿಗೆ ಇದನ್ನು ಎಷ್ಟು ಸಲ ಹೇಳಿದ್ದನೆಂದರೆ, ಅವನು ಗಂಟಲು ಸರಿಮಾಡಿಕೊಂಡ ಕೂಡಲೇ ಅವರು ತಲೆಯಾಡಿಸಿಬಿಡುತ್ತಿದ್ದರು.

ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತರೆ ಮಾತ್ರ ಈ ಶಿಸ್ತು ಬೂಟಿನ ಜೊತೆ ಬಾಗಿಲ ಹೊರಗೇ ಉಳಿಯುತ್ತಿತ್ತು.

ಕಂಪ್ಯೂಟರ್ ಅವನದಲ್ಲ, ಅವನ ಹೆಂಡತಿಯ ತಾಯಿಯದು. ಅತ್ತೆ ಮಗಳ ಮನೆಯಲ್ಲೇ, ಬೀದಿಯ ಕಡೆಗಿದ್ದ ಕೋಣೆಯಲ್ಲಿ ಇರುತ್ತಿದ್ದರು. ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಪುಸ್ತಕ ಅಚ್ಚಾಗುವ ಮೊದಲು ಮೂಲಪ್ರತಿಯನ್ನೂ ಕರಡನ್ನೂ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ ತಪ್ಪು ಹಿಡಿಯುವುದು ಅವರ ಕೆಲಸವಾಗಿತ್ತು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಔಷಧಿ ಸೀಸೆಯ ಮೇಲಿನ ಬರಹವನ್ನೂ ಅವರು ಪೆನ್ಸಿಲ್ ಹಿಡಿದೇ ಓದುತ್ತಿದ್ದರು.

ಅಳಿಯನನ್ನು ಹನ್ನೊಂದು ವರ್ಷದಿಂದ ಅವರು 'ಅಳಿಯಂದಿರೇ', 'ನೀವು' ಎಂದೇ ಮಾತಾಡಿಸುತ್ತಿದ್ದರು. ಮರ್ಯಾದೆಗೇನೂ ಕೊರತೆ ಇರಲಿಲ್ಲ. ಆದರೆ ಆ ಮರ್ಯಾದೆಯ ತುದಿಯಲ್ಲಿ ಸಣ್ಣದೊಂದು ನಗು ಕೂತಿರುತ್ತದೆ ಎಂದು ಅಳಿಯನಿಗೆ ಅನುಮಾನ. ಅನುಮಾನ ನಿಜವೇ ಆಗಿತ್ತು.

ಈ ಆರು ವರ್ಷದಲ್ಲಿ ಅತ್ತೆಗೆ ತಿದ್ದಲು ಒಂದೇ ಒಂದು ಪುಸ್ತಕವೂ ಬಂದಿರಲಿಲ್ಲ. ಆ ಮುದ್ರಣಾಲಯಕ್ಕೆ ಪುಸ್ತಕ ಕೊಡುತ್ತಿದ್ದ ಪ್ರಕಾಶನದಲ್ಲಿ ಹೊಸ ಸಂಪಾದಕಿ ಬಂದಿದ್ದಳು. ಹಳಬರಿಗೆ ಪರದೆಯ ಮೇಲೆ ತಿದ್ದುವುದು ಆಗುವುದಿಲ್ಲ, ಕೊನೆಗೆ ಕಾಗದವನ್ನೇ ಕೇಳುತ್ತಾರೆ ಎಂಬುದು ಅವಳ ಖಚಿತ ಅಭಿಪ್ರಾಯ. ಅತ್ತೆ ತಾವಾಗಿಯೇ ಫೋನ್ ಮಾಡಿ ಒಂದು ಅವಕಾಶ ಕೇಳಿದರು. ಮೂರು ಸಲ ಕೇಳಿದ ಮೇಲೆ ಜೇನು ಸಾಕಣೆಯ ಒಂದು ಕೈಪಿಡಿ ಬಂತು. ಮುನ್ನೂರ ಹನ್ನೆರಡು ಪುಟ, ಪೂರ್ತಿ ಪರದೆಯ ಮೇಲೇ ತಿದ್ದಬೇಕು, ಶನಿವಾರ ಸಂಜೆ ಐದಕ್ಕೆ ಕಳಿಸಬೇಕು. ಸರಿಹೋದರೆ ಮುಂದೆಯೂ ಕೆಲಸ. ಇಲ್ಲದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ ಎಂದು ಸಂಪಾದಕಿ ನಯವಾಗಿಯೇ ಹೇಳಿದ್ದಳು.

ಆಗ ಎದೆ ತಟ್ಟಿಕೊಂಡು ಮುಂದೆ ಬಂದವನು ಅಳಿಯ. ಆ ಕಂಪ್ಯೂಟರಿಗೆ ನಾಲ್ಕು ವರ್ಷದ ಹಿಂದೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ದವನೂ ಅವನೇ. ಲಿನಕ್ಸಿನ ಗುಣಗಾನಕ್ಕೆ ನಿಂತನೆಂದರೆ ಹೆಂಡತಿ ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ನೆನಪು ಮಾಡಿಕೊಂಡು ಎದ್ದು ಹೋಗುತ್ತಿದ್ದಳು. ಅತ್ತೆ ಪಾಪ, ಪೂರ್ತಿ ಕೇಳುತ್ತಿದ್ದರು. ಪ್ರಕಾಶನದವರು ಕೊಟ್ಟ ತಿದ್ದುಪಡಿಯ ಪ್ರೋಗ್ರಾಂ ಅನ್ನು ಅಳಿಯನೇ ಅದರಲ್ಲಿ ಕೂರಿಸಿಕೊಟ್ಟ. ಆ ಪ್ರೋಗ್ರಾಂ ನೋಂದಾಯಿಸಿದ ಒಂದೇ ಯಂತ್ರದಲ್ಲಿ ತೆರೆಯುತ್ತಿತ್ತು, ಬೇರೆಲ್ಲೂ ಇಲ್ಲ. "ಕಂಪ್ಯೂಟರ್ ಚಿಂತೆ ನನಗಿರಲಿ ಅತ್ತೆ, ನೀವು ಜೇನು ನೋಡ್ಕೊಳ್ಳಿ" ಎಂದ.

ಶನಿವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಅತ್ತೆ ಇನ್ನೂರ ಎಂಬತ್ತೊಂದನೆಯ ಪುಟ ಮುಗಿಸಿದ್ದರು. ಅಳಿಯನಿಗೆ ರಜೆ. ಚಹಾ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದ.

"ಅಳಿಯಂದಿರೇ, ಜೇನುಗೂಡು ಹಸಿರಾಗಿದೆ" ಎಂದು ಅತ್ತೆ ಕೂಗಿದರು. "ಲೇಖಕರು ಹೀಗೆ ಬರೆದಿಲ್ಲ."

ಪರದೆಯ ತುಂಬ ಹಸಿರು ಗೆರೆಗಳು ಎದ್ದಿದ್ದವು. ಅವನು ನೋಡುತ್ತಿರುವಂತೆಯೇ ಎಲ್ಲವೂ ಅಲ್ಲಾಡದೆ ನಿಂತಿತು, ಆಮೇಲೆ ಕಪ್ಪಾಯಿತು. ಪೆಟ್ಟಿಗೆಯ ಹಿಂದಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಬಿಚ್ಚಿ ನೋಡಿದರೆ ಗ್ರಾಫಿಕ್ಸ್ ಕಾರ್ಡಿನ ಪುಟ್ಟ ಫ್ಯಾನು ಧೂಳು ಮೆತ್ತಿಕೊಂಡು ಯಾವ ಕಾಲದಲ್ಲೋ ತಿರುಗುವುದನ್ನು ಬಿಟ್ಟಿತ್ತು.

"ಹೋಗಿದೆ" ಎಂದ ಅಳಿಯ.

"ನನ್ನ ತಿದ್ದುಪಡಿಗಳಾ?"

"ಅಲ್ಲ ಅತ್ತೆ, ಚಿತ್ರ ತೋರಿಸೋ ಕಾರ್ಡು. ನಿಮ್ಮ ಕೆಲಸ ಎಲ್ಲಾ ಡಿಸ್ಕಲ್ಲಿ ಭದ್ರವಾಗಿದೆ. ಕಂಪ್ಯೂಟರಿಗೆ ಬುದ್ಧಿ ಸರಿಯಾಗೇ ಇದೆ, ಮುಖ ತೋರಿಸ್ತಿಲ್ಲ ಅಷ್ಟೆ."

"ಎಷ್ಟು ಹೊತ್ತು ಬೇಕು?"

"ಅರ್ಧ ಗಂಟೆ."

ಅತ್ತೆ ಗೋಡೆಯ ಗಡಿಯಾರ ನೋಡಿದರು. 

ಅಳಿಯನ ಕೈ ಲಿಫ್ಟಿನ ಉಕ್ಕಿನ ಹಗ್ಗ ಎಳೆದು ಪಳಗಿದ ಕೈ. ಸತ್ತ ಕಾರ್ಡನ್ನು ಅದೇ ಜೋರಿನಲ್ಲಿ ಎಳೆದ. ಕಾರ್ಡು ಬಂತು, ಅದನ್ನು ಹಿಡಿದಿಡುವ ಕೊಂಡಿಯೂ ಟಕ್ಕೆಂದು ಮುರಿದು ಜೊತೆಗೇ ಬಂತು. ಅವನು ಕೊಂಡಿಯನ್ನು ಜೇಬಿಗೆ ಹಾಕಿಕೊಂಡು ಕೆಮ್ಮಿದ. ಆಮೇಲೆ, ಕಂಪ್ಯೂಟರಿನ ಮುಖ್ಯ ಬೋರ್ಡಿಗೂ ಚಿತ್ರ ತೋರಿಸುವ ಅದರದೇ ಆದ ಸಣ್ಣ ಏರ್ಪಾಡು ಇರುತ್ತದಲ್ಲ, ಅದೇ ಸಾಕು ಎಂದುಕೊಂಡು ಪೆಟ್ಟಿಗೆಯ ಹಿಂದಿನ ಇನ್ನೊಂದು ತೂತಿಗೆ ಕೇಬಲ್ ಸಿಕ್ಕಿಸಿ ಗುಂಡಿ ಒತ್ತಿದ. ಪರದೆ ಬೆಳಗಿತು. ಬಿಳಿ ಅಕ್ಷರದ ಸಾಲುಗಳು ಸರಸರ ಓಡಿದವು. ಅಳಿಯ ಸೊಂಟದ ಮೇಲೆ ಕೈಯಿಟ್ಟುಕೊಂಡ. ಅಷ್ಟರಲ್ಲಿ ಮತ್ತೆ ಕಪ್ಪು. ಎಡಗಡೆ ಮೇಲುಗಡೆ ಒಂದು ಸಣ್ಣ ಗೆರೆ ಮಾತ್ರ ಕಣ್ಣು ಮಿಟುಕಿಸುತ್ತಾ ಉಳಿಯಿತು.

"ಬೋರ್ಡಿನದೂ ಹೋಗಿದೆ" ಎಂದು ತೀರ್ಪು ಕೊಟ್ಟ.

"ಹಾಗಾದ್ರೆ ಆ ಸಾಲುಗಳನ್ನ ತೋರಿಸಿದ್ದು ಯಾರು?" ಎಂದರು ಅತ್ತೆ.

"ಅದು ಬೇರೆ ಅತ್ತೆ."

ಗೊತ್ತಿಲ್ಲದವರೆಲ್ಲ ಕೊಡುವ ಉತ್ತರ ಇದು. ಅತ್ತೆ ಮೂವತ್ತೊಂದು ವರ್ಷ ಲೇಖಕರ ಬಾಯಿಂದ ಇದನ್ನೇ ಕೇಳಿದ್ದರು, ಅದಕ್ಕೇ ಮತ್ತೆ ಕೆದಕಲಿಲ್ಲ.

ಅಳಿಯ ಸೈಕಲ್ ಹತ್ತಿ ತನ್ನ ಕಂಪನಿಯ ವರ್ಕ್‌ಶಾಪಿಗೆ ಓಡಿದ. ಅಲ್ಲಿ ಕಾವಲು ಕ್ಯಾಮೆರಾದ ಚಿತ್ರ ತೋರಿಸುತ್ತಿದ್ದ ಹಳೆಯ ಕಂಪ್ಯೂಟರೊಂದು ಮೂಲೆಗೆ ಬಿದ್ದಿತ್ತು. ಉಗ್ರಾಣದವನ ಕೈಕಾಲು ಹಿಡಿದು ಅದರ ಕಾರ್ಡು ಬಿಚ್ಚಿಸಿಕೊಂಡು ಮನೆ ಸೇರುವಾಗ ಹನ್ನೆರಡು ದಾಟಿತ್ತು. ಕೊಂಡಿ ಮುರಿದ ಜಾಗದಲ್ಲಿ ಈ ಕಾರ್ಡು ನಿಲ್ಲಲಿಲ್ಲ, ಜೋತುಬಿತ್ತು. ಪಕ್ಕದಲ್ಲಿ ಇನ್ನೊಂದು ಖಾಲಿ ಜಾಗ ಇತ್ತು. ಅದರಲ್ಲಿ ಒತ್ತಿ ಕೂರಿಸಿದ. ಗುಂಡಿ ಒತ್ತಿದ. ಬಿಳಿ ಸಾಲುಗಳು, ಆಮೇಲೆ ಕಪ್ಪು, ಆಮೇಲೆ ಅದೇ ಮಿಟುಕುವ ಗೆರೆ.

"ಇನ್ನು ಎಷ್ಟು ಹೊತ್ತು ಅಳಿಯಂದಿರೇ?"

"ಅರ್ಧ ಗಂಟೆ ಅತ್ತೆ."

ಇಲ್ಲಿಂದ ಮುಂದೆ ಅವನು ಮಾಡಿದ್ದನ್ನು ಅವನ ಜೊತೆಯ ಕೆಲಸಗಾರರು ನೋಡಿದ್ದರೆ ಜನ್ಮಪೂರ್ತಿ ಆಡಿಕೊಳ್ಳುತ್ತಿದ್ದರು. ಕೇಬಲ್ ಬದಲಾಯಿಸಿದ. ಅದೇ ಉಸಿರಿಗೆ ಹಳೆಯ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂ ತೆಗೆದುಹಾಕಿದ, ಹೊಸದೊಂದನ್ನು ಇಳಿಸಿದ, ಅದು ಸರಿಯಿಲ್ಲವೆಂದು ಇನ್ನೊಂದನ್ನು ಇಳಿಸಿದ. ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗಿನಲ್ಲಿ ಏನನ್ನೋ ಹೌದು ಎಂದ, ಏನನ್ನೋ ಅಲ್ಲ ಎಂದ. ಯಾವುದನ್ನು ಯಾಕೆ ಮಾಡಿದನೆಂದು ಒಂದು ಗಂಟೆಯಾದ ಮೇಲೆ ಅವನಿಗೇ ನೆನಪಿರಲಿಲ್ಲ, ಎಲ್ಲೂ ಬರೆದಿಟ್ಟಿರಲೂ ಇಲ್ಲ.

ಕಂಟ್ರೋಲ್, ಆಲ್ಟ್, ಎಫ್ ಮೂರು, ಈ ಮೂರನ್ನೂ ಒಟ್ಟಿಗೆ ಒತ್ತಿದರೆ ಅಕ್ಷರಗಳ ಪರದೆಯೊಂದು ತೆರೆಯುತ್ತಿತ್ತು, ಅದರಲ್ಲಿ ಆಜ್ಞೆ ಕೊಡಬಹುದಿತ್ತು. ಪುಟಗಳಿಲ್ಲ, ಚಿತ್ರಗಳಿಲ್ಲ, ಕಪ್ಪಿನ ಮೇಲೆ ಬಿಳಿ ಅಕ್ಷರ ಮಾತ್ರ. ಇದನ್ನೆಲ್ಲ ಅಳಿಯ ಮಾಡಿದ್ದು ಅದರೊಳಗೇ ಮುಖ ತೂರಿಸಿ ಕೂತು.

ಒಂದೂವರೆಗೆ ಹೆಂಡತಿ ಬಂದಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಶನಿವಾರ ಅರ್ಧ ದಿನ. ಮೇಜಿನ ಮೇಲೆ ಹರಡಿದ್ದ ಸ್ಕ್ರೂಗಳನ್ನೂ ಗಂಡನ ಕೆದರಿದ ಕೂದಲನ್ನೂ ನೋಡಿ, ಬೆಳಿಗ್ಗೆಯಿಂದ ನಡೆದದ್ದನ್ನೆಲ್ಲ ತಾಯಿಯಿಂದ ಕೇಳಿಕೊಂಡಳು.

"ರೀ, ಲಿಫ್ಟನ್ನೂ ಹೀಗೇ ರಿಪೇರಿ ಮಾಡ್ತೀರಾ? ನಾಳೆಯಿಂದ ನಾನು ಮೆಟ್ಟಿಲು ಹತ್ತೀನಪ್ಪ."

"ಸುಮ್ನಿರೇ, ಅರ್ಧ ಗಂಟೆ."

"ಯಾವ ಅರ್ಧ ಗಂಟೆ? ಬೆಳಿಗ್ಗೆದಾ?" ಎಂದವಳು ತಾಯಿಯ ಕಡೆ ತಿರುಗಿ ದನಿ ಇಳಿಸಿದಳು. "ಅಮ್ಮ, ಅವರಿಗೆ ಫೋನ್ ಮಾಡಿ ಒಂದು ದಿನ ಕೇಳಬಾರದಾ? ಕಾರ್ಡು ಸುಟ್ಟುಹೋದ್ರೆ ಅದು ನಿನ್ನ ತಪ್ಪಾ?"

"ಒಂದು ದಿನ ಕೇಳೋದೂ ಒಂದೇ, ಕಾಗದ ಕೇಳೋದೂ ಒಂದೇ" ಎಂದರು ಅತ್ತೆ. "ನೋಡಿದ್ರಾ, ನಾನು ಹೇಳಲಿಲ್ವಾ ಅಂತಾಳೆ ಆ ಹುಡುಗಿ. ಅವಳಿಗೆ ಆ ಸಂತೋಷ ನಾನು ಕೊಡಲ್ಲ."

ಊಟಕ್ಕೆ ಅಳಿಯ ಏಳಲಿಲ್ಲ. ಅತ್ತೆ ಊಟ ಮುಗಿಸಿ ಬಂದು, ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು, ಪುಸ್ತಕದ ಜೊತೆ ಬಂದಿದ್ದ ಲೇಖಕರ ಕೈಬರಹದ ಮೂಲಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಉಳಿದದ್ದು ಮೂವತ್ತೊಂದು ಪುಟ. ತಾಳೆ ನೋಡಲು ಕರಡು ಇಲ್ಲದೆ ಮೂಲವನ್ನು ಓದಿ ಮಾಡುವುದೇನೂ ಇಲ್ಲ. ಆದರೂ ಸಾಲಿನ ಕೆಳಗೆ ಬೆರಳಿಟ್ಟು ಮೆಲ್ಲಗೆ ತುಟಿಯಾಡಿಸುತ್ತಾ ಓದುತ್ತಿದ್ದರು. ಪುಟ ತಿರುಗಿಸುವಾಗಲೆಲ್ಲ ಗಡಿಯಾರದ ಕಡೆ ಕಣ್ಣು ಹೋಗುತ್ತಿತ್ತು. ಅಳಿಯ ತಿರುಗಿ ನೋಡಿದಾಗ ಮಾತ್ರ ಅದು ಪುಟದ ಮೇಲೇ ಇರುತ್ತಿತ್ತು.

ಕಪ್ಪು ಪರದೆಯ ಗಾಜಿನಲ್ಲಿ ಅಳಿಯ ಅದನ್ನು ಗಮನಿಸಿದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು. ಆರು ವರ್ಷ ಕಾದು, ಮೂರು ಸಲ ಕೇಳಿ ಪಡೆದ ಕೆಲಸ ತನ್ನ ಬಡಾಯಿಯಿಂದ ಕೈತಪ್ಪಿ ಹೋಗುತ್ತಿದೆ, ತನ್ನ ಮರ್ಯಾದೆ ಉಳಿಸಲೆಂದು ಅವರು ಗಡಿಯಾರವನ್ನೂ ಕದ್ದು ನೋಡುತ್ತಿದ್ದಾರೆ. 

ಮೂರು ಗಂಟೆಗೆ ಅವನು ಕೀಲಿಮಣೆಯಿಂದ ಕೈ ತೆಗೆದ.

"ಅತ್ತೆ, ನನಗೆ ಗೊತ್ತಾಗ್ತಿಲ್ಲ."

ಹನ್ನೊಂದು ವರ್ಷದಲ್ಲಿ ಈ ಮಾತು ಅವನ ಬಾಯಿಂದ ಆ ಮನೆಯಲ್ಲಿ ಬಂದದ್ದು ಅದೇ ಮೊದಲು. ಒಳಗಿನಿಂದ ಹೆಂಡತಿ ಇಣುಕಿ ನೋಡಿದಳು. 

ಅತ್ತೆ ಮೂಲಪ್ರತಿಯನ್ನು ಪಕ್ಕಕ್ಕಿಟ್ಟು, ತಮ್ಮ ಕುರ್ಚಿಯನ್ನು ಅವನ ಕುರ್ಚಿಯ ಪಕ್ಕಕ್ಕೆ ತಂದರು. "ಅದರಲ್ಲಿ ಏನು ಬರೆದಿದೆ?"

"ಬೇಕಾದಷ್ಟು ಬರೆದಿದೆ. ಕೊನೆಗೆ ಪರದೆ ಸಿಗಲಿಲ್ಲ ಅನ್ನುತ್ತೆ. ಬೆಳಿಗ್ಗೆಯಿಂದ ಹತ್ತು ಸಲ ಓದಿದ್ದೀನಿ."

"ಮನಸ್ಸಲ್ಲೇ ಓದಿದ್ದೀರಾ?"

"ಮತ್ತೆ?"

"ಅದಕ್ಕೇ. ಮನಸ್ಸಲ್ಲಿ ಓದೋವಾಗ ಕಣ್ಣು ತನಗೆ ಬೇಕಾದ್ದನ್ನ ಮಾತ್ರ ಓದುತ್ತೆ. ನಮ್ಮ ಪ್ರೆಸ್ಸಲ್ಲಿ ಒಬ್ಬರೇ ಓದೋದು ಅಂತ ಇರಲಿಲ್ಲ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹಿಡೀಬೇಕು. ಚುಕ್ಕೆ, ಗೆರೆ, ಖಾಲಿ ಜಾಗ, ಏನೂ ಬಿಡೋ ಹಾಗಿಲ್ಲ. ಓದಿ, ನಾನು ಹಿಡೀತೀನಿ."

"ಅತ್ತೆ, ಇದು ಜೇನಿನ ಪುಸ್ತಕ ಅಲ್ಲ. ನಿಮಗೆ ಅರ್ಥ ಆಗಲ್ಲ."

"ಜೇನಿನದೂ ನನಗೆ ಅರ್ಥ ಆಗಿಲ್ಲ. ಓದಿ."

ಅತ್ತೆ ಕನ್ನಡಕ ತೆಗೆದು ಕಣ್ಣು ಮುಚ್ಚಿ ಕೂತರು. ಅಳಿಯನಿಗೆ ನಾಚಿಕೆಯಾಯಿತು, ಆದರೂ ಓದಿದ. ಕಂಪ್ಯೂಟರಿಗೆ ಪರದೆಯ ವಿಷಯದಲ್ಲಿ ಹೀಗೆ ಹೀಗೆ ಮಾಡು ಎಂದು ಹೇಳುವ ಒಂದು ಪುಟ್ಟ ಫೈಲು ಇತ್ತು. ನಾಲ್ಕು ವರ್ಷದ ಹಿಂದೆ, ಯಾರೂ ಕೇಳದಿದ್ದರೂ, ಹೀಗೆ ಬರೆದರೆ ಇನ್ನೂ ಚುರುಕಾಗುತ್ತದೆ ಎಂದು ಎಲ್ಲೋ ಓದಿ, ಅವನೇ ಕೈಯಾರೆ ಬರೆದ ಫೈಲು. ಆ ಮಧ್ಯಾಹ್ನ ಅದನ್ನು ಆರು ಸಲ ತೆರೆದಿದ್ದ. ಆರೂ ಸಲ ಡ್ರೈವರಿನ ಸಾಲನ್ನಷ್ಟೇ ನೋಡಿ, ಅದನ್ನಷ್ಟೇ ಬದಲಾಯಿಸಿ ಮುಚ್ಚಿದ್ದ. ಈಗ ಮೊದಲ ಸಾಲಿನಿಂದ ಓದಿಕೊಂಡು ಬಂದ. ಕೊನೆಯ ಸಾಲಿನಲ್ಲಿ ಕಾರ್ಡು ಎಲ್ಲಿದೆ ಎಂಬ ವಿಳಾಸ.

"ಒಂದು, ಕೋಲನ್, ಸೊನ್ನೆ, ಕೋಲನ್, ಸೊನ್ನೆ" ಎಂದ.

"ಹೂಂ. ಮುಂದೆ."

ಮುಂದೆ, ಪೆಟ್ಟಿಗೆಯೊಳಗೆ ಏನೇನು ಸಿಕ್ಕಿಸಿದೆ ಎಂದು ಕಂಪ್ಯೂಟರೇ ಹೇಳುವ ಪಟ್ಟಿ. ಅದರಲ್ಲಿ ಉಗ್ರಾಣದಿಂದ ತಂದ ಕಾರ್ಡಿನ ಸಾಲು ಬಂತು.

"ಸೊನ್ನೆ ಮೂರು, ಕೋಲನ್, ಸೊನ್ನೆ ಸೊನ್ನೆ, ಚುಕ್ಕೆ, ಸೊನ್ನೆ."

"ನಿಲ್ಲಿಸಿ" ಎಂದರು ಅತ್ತೆ. "ಇದೂ ಕಾರ್ಡಿನದೇ ತಾನೆ? ಆಗ ಎರಡು ಕಡೆಯೂ ಕೋಲನ್ ಅಂದ್ರಿ. ಈಗ ಒಂದು ಕಡೆ ಚುಕ್ಕೆ."

"ಅದು ಪರವಾಗಿಲ್ಲ ಅತ್ತೆ. ಎರಡು ಕಡೆ ಬರೆಯೋ ರೀತಿ ಬೇರೆ, ಅಷ್ಟೆ."

"ಸರಿ. ಆಗ ಒಂದು ಅಂದ್ರಿ, ಈಗ ಮೂರು ಅಂತೀರಿ. ಅದೂ ಬರೆಯೋ ರೀತಿಯಾ?"

ಅಳಿಯ ಎರಡೂ ಸಾಲನ್ನು ಇನ್ನೊಮ್ಮೆ ನೋಡಿದ.  ಸತ್ತ ಕಾರ್ಡು ಕೂತಿದ್ದ ಜಾಗದ ಅಂಕಿ ಒಂದು. ಅವನು ಕೊಂಡಿ ಮುರಿದು ಪಕ್ಕದ ಜಾಗಕ್ಕೆ ಹೋಗಿದ್ದ, ಅದರ ಅಂಕಿ ಮೂರು. ಅವನ ಸ್ವಂತ ಕೈಬರಹದ ಅಪ್ಪಣೆಯಂತೆ ಕಂಪ್ಯೂಟರ್ ಬೆಳಿಗ್ಗೆಯಿಂದ ಖಾಲಿ ಜಾಗದ ಮುಂದೆ ನಿಂತು, ಯಾರೂ ಇಲ್ಲ, ಯಾರೂ ಇಲ್ಲ ಎಂದು ಹೇಳುತ್ತಲೇ ಇತ್ತು.

"ಅತ್ತೆ" ಎಂದ ಮೆಲ್ಲಗೆ. "ಕಾರ್ಡು ಮನೆ ಬದಲಾಯಿಸಿದೆ. ನಾನು ವಿಳಾಸ ಬದಲಾಯಿಸಿಲ್ಲ."

ಒಂದನ್ನು ಅಳಿಸಿ ಮೂರು ಬರೆದ. ಕೈ ಅಭ್ಯಾಸಬಲದಿಂದ ಇನ್ನೊಂದು ಸಾಲಿನ ಕಡೆಗೂ ಹೋಯಿತು.

"ಈಗ ಮತ್ತೇನು ಮುಟ್ತಿದ್ದೀರಿ?" ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ.

ಅವನು ಕೈ ಹಿಂದಕ್ಕೆ ತೆಗೆದು ಕಂಪ್ಯೂಟರನ್ನು ಮತ್ತೆ ಶುರು ಮಾಡಿದ. ಬಿಳಿ ಸಾಲುಗಳು ಓಡಿದವು, ಪರದೆ ಕಪ್ಪಾಯಿತು. ಹೆಂಡತಿಯೂ ಬಂದು ಹಿಂದೆ ನಿಂತಳು. ಗೆರೆ ಒಂದು ಸಲ ಮಿಟುಕಿತು, ಎರಡು ಸಲ ಮಿಟುಕಿತು, ಆಮೇಲೆ ಪರದೆಯ ತುಂಬ ನೀಲಿ ಬಣ್ಣ ಹರಡಿ, ನಡುವೆ ಅತ್ತೆಯ ಹೆಸರೂ ಗುಪ್ತಪದ ಕೇಳುವ ಚೌಕವೂ ಬಂದವು.

ಅಳಿಯ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಆಗಲೇ ಇನ್ನೊಂದು ವಿಷಯ ಹೊಳೆದು ಮುಖ ಸಪ್ಪಗಾಯಿತು. ಅದು ಹೆಂಡತಿಗೂ ಹೊಳೆದಿತ್ತು.

"ರೀ, ಹಾಗಾದ್ರೆ ಬೋರ್ಡಿನದು ಹೋಗಿರಲೇ ಇಲ್ಲ ಅಲ್ವಾ? ಬೆಳಿಗ್ಗೆ ಕೇಬಲ್ ಅಲ್ಲಿಗೆ ಸಿಕ್ಕಿಸಿದಾಗಲೇ ಆ ವಿಳಾಸ ಸರಿ ಮಾಡಿದ್ರೆ..."

"ನಿಜವಾಗಿಯೂ ಅರ್ಧ ಗಂಟೇಲಿ ಆಗ್ತಿತ್ತು" ಎಂದು ಅಳಿಯ ಒಪ್ಪಿಕೊಂಡ.

"ಅದನ್ನ ಆಮೇಲೆ ಆಡ್ಕೊಳ್ಳೋಣ, ನನಗೂ ಆಸೆ ಇದೆ" ಎಂದು ಅತ್ತೆ ಕನ್ನಡಕ ಹಾಕಿಕೊಂಡರು. "ಮೊದಲು ಜೇನು."

ಗಂಟೆ ಮೂರೂ ಐವತ್ತು. ಮೂವತ್ತೊಂದು ಪುಟ, ಎಪ್ಪತ್ತು ನಿಮಿಷ. ಉಳಿದದ್ದೆಲ್ಲ ಔಷಧಿಯ ಪ್ರಮಾಣ, ಗೂಡಿನ ಅಳತೆ, ತಿಂಗಳ ಪಟ್ಟಿ. ಬರೀ ಅಂಕಿಗಳು. ಅತ್ತೆ ಒಬ್ಬರೇ ಮೂಲವನ್ನೂ ಪರದೆಯನ್ನೂ ನೋಡುತ್ತಾ ಹೋದರೆ ಪುಟಕ್ಕೆ ಐದು ನಿಮಿಷ ಬೇಕು. ಮಗಳು ಅದನ್ನು ಮನಸ್ಸಲ್ಲೇ ಗುಣಿಸಿ ತುಟಿ ಕಚ್ಚಿಕೊಂಡಳು.

ಅತ್ತೆ ಗುಣಿಸುವ ಗೋಜಿಗೆ ಹೋಗಲಿಲ್ಲ. ಮೂಲಪ್ರತಿಯನ್ನು ಎತ್ತಿ ಅಳಿಯನ ಕೈಗೆ ಕೊಟ್ಟರು. "ಓದಿ. ಪುಟ ಇನ್ನೂರ ಎಂಬತ್ತೆರಡು."

ಅಳಿಯ ಓದಿದ. ಮೊದಲ ಎರಡು ಪುಟ ಶಾಲೆಯಲ್ಲಿ ಎದ್ದು ನಿಂತವನ ಹಾಗೆ ತಡವರಿಸಿದ. ಮೂರನೆಯದರಲ್ಲಿ ಧೈರ್ಯ ಬಂತು, ನಾಲ್ಕನೆಯದರಲ್ಲಿ ಧೈರ್ಯ ಹೆಚ್ಚಾಗಿ ಓಡತೊಡಗಿದ.

"ಏ, ಕಾಮಾ ನುಂಗಬೇಡ ಕಣೋ!" ಎಂದು ಅತ್ತೆ ಪರದೆಯಿಂದ ಕಣ್ಣು ತೆಗೆಯದೆ ಗದರಿದರು. "ಹಿಂದಕ್ಕೆ ಹೋಗು. ಗ್ರಾಂ ಆದ್ಮೇಲೆ ಏನಿದೆ?"

ಅಡುಗೆಮನೆಯ ಬಾಗಿಲಲ್ಲಿ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಹನ್ನೊಂದು ವರ್ಷದ 'ನೀವು' ಒಂದು ಕಾಮಾಕ್ಕೆ ಹಾರಿಹೋಗಿತ್ತು. ಅತ್ತೆಗೆ ಅದರ ಪರಿವೆಯೇ ಇರಲಿಲ್ಲ. ಅಳಿಯನಿಗೆ ಇತ್ತು, ಆದರೆ ಅವನು ಜಾಣ, ತೋರಿಸಿಕೊಳ್ಳಲಿಲ್ಲ. ಕಾಮಾ ಎಂದು ಸ್ಪಷ್ಟವಾಗಿ ಹೇಳಿ ಮುಂದಕ್ಕೆ ಹೋದ.

ಮುನ್ನೂರ ನಾಲ್ಕನೆಯ ಪುಟದಲ್ಲಿ ಅವನು, "ಎರಡು ಚುಕ್ಕೆ ಐದು ಗ್ರಾಂ" ಎಂದಾಗ ಅತ್ತೆಯ ಬೆರಳು ನಿಂತಿತು. ಪರದೆಯ ಮೇಲೆ ಚುಕ್ಕೆ ಬಿದ್ದುಹೋಗಿ ಇಪ್ಪತ್ತೈದು ಗ್ರಾಂ ಆಗಿತ್ತು. ಗೂಡಿಗೆ ಹಾಕುವ ಔಷಧಿ ಅದು. ಬೆನ್ನ ಹಿಂದೆ ಬಂದು ಇಣುಕಿದ ಮಗಳು ಔಷಧಿ ಅಂಗಡಿಯವಳು, "ಹತ್ತು ಪಟ್ಟು!" ಎಂದಳು. ಅತ್ತೆ ಚುಕ್ಕೆ ಇಟ್ಟು, "ಹೂಂ" ಎಂದರು. ಅಳಿಯನಿಗೆ ಗಂಟಲು ಒಣಗಿತ್ತು, ನೀರು ಕೇಳಲಿಲ್ಲ.

ಕೊನೆಯ ಪುಟ ಮುಗಿದಾಗ ನಾಲ್ಕೂ ಐವತ್ತಾರು. ಅತ್ತೆ ಕಳಿಸುವ ಗುಂಡಿ ಒತ್ತಿ, ಹೋಯಿತು ಎಂಬ ಸೂಚನೆ ಬರುವವರೆಗೂ ಬೆರಳು ಎತ್ತಲಿಲ್ಲ. ಆಮೇಲೆ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.  

ಐದೂ ಹತ್ತಕ್ಕೆ ಸಂಪಾದಕಿಯ ಉತ್ತರ ಬಂತು. ಅತ್ತೆ ಅದನ್ನು ಗಟ್ಟಿಯಾಗಿ ಓದಿದರು, ಪೂರ್ಣವಿರಾಮಗಳ ಸಮೇತ. ಕರಡು ತಲುಪಿದೆ. ಮುನ್ನೂರ ನಾಲ್ಕನೆಯ ಪುಟದ ತಪ್ಪು ಇಲ್ಲಿ ಮೂವರ ಕಣ್ಣು ತಪ್ಪಿಸಿತ್ತು. ಸೋಮವಾರ ಇನ್ನೊಂದು ಪುಸ್ತಕ ಕಳಿಸುತ್ತೇವೆ, ನಾನೂರ ಎಂಬತ್ತು ಪುಟ. ನಿಮಗೆ ಅನುಕೂಲವಾಗುವುದಾದರೆ ಕಾಗದದ ಮೇಲೂ ಕಳಿಸಬಹುದು.

"ಕಾಗದದಲ್ಲೇ ತರಿಸಿಕೋ ಅಮ್ಮ" ಎಂದಳು ಮಗಳು. "ಈಗ ಅವರೇ ಕೇಳ್ತಿದ್ದಾರಲ್ಲ, ನೀನು ಕೇಳಿದ ಹಾಗಾಗಲ್ಲ. ಈ ಪೆಟ್ಟಿಗೆ ಸಹವಾಸ ಯಾಕೆ?"

ಅಳಿಯ ಪರದೆಯನ್ನೇ ನೋಡುತ್ತಿದ್ದ. ಇನ್ನು ಇದು ಕೈಕೊಡುವುದಿಲ್ಲ ಎಂದು ಹೇಳಲು ಅವನಿಗೆ ಬಹಳ ಆಸೆಯಿತ್ತು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡ. ಅತ್ತೆ ಮಗಳಿಗೆ ಉತ್ತರ ಕೊಡದೆ, ಪರದೆಯಲ್ಲೇ ಕಳಿಸಿ ಎಂದು ಬರೆದು ಕಳಿಸಿಬಿಟ್ಟರು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಸೋಮವಾರ ನಿನ್ನ ಡ್ಯೂಟಿ ಎಷ್ಟು ಗಂಟೆಗೆ ಮುಗಿಯುತ್ತೆ?"

"ನಾಲ್ಕಕ್ಕೆ ಅತ್ತೆ. ಯಾಕೆ?"

"ನಾಲ್ಕೂವರೆಗೆ ಕೂರೋಣ. ನಾನೂರ ಎಂಬತ್ತು ಪುಟ ನಾನೊಬ್ಬಳೇ ಓದಕ್ಕಾಗಲ್ಲ."

ಆಗುತ್ತದೆ ಎಂದು ಮೂವರಿಗೂ ಗೊತ್ತಿತ್ತು. ಅಳಿಯ ತಲೆಯಾಡಿಸಿ, ನೀರು ಕುಡಿಯಲು ಎದ್ದು ಒಳಗೆ ಹೋದ.